ಪಾವಗಡಕ್ಕೆ ಇವಿ ಕಾರಲ್ಲಿ ಹೋದರೆ ಚಾರ್ಜ್ ಎಲ್ಲಿ?

(ದೃಶ್ಯ: ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳು)

ನಮಸ್ಕಾರ. ಇದು ತುಮಕೂರು ಜಿಲ್ಲೆ, ಪಾವಗಡ ತಾಲ್ಲೂಕಿನ ತಿರುಮಣಿ. ಸುಮಾರು 13,000 ಎಕರೆಯಲ್ಲಿ ಬರೀ ಸೋಲಾರ್. ಸಾಮರ್ಥ್ಯ 2,050 ಮೆಗಾವ್ಯಾಟ್. ಇಷ್ಟು ಕರೆಂಟು ಹುಟ್ಟುವ ಕಡೆ ಒಂದು ಕಾರು ಚಾರ್ಜ್ ಮಾಡೋದು ಏನು ಮಹಾ ಅನಿಸುತ್ತದೆ, ಅಲ್ವಾ?

ಆದರೆ ಈ ಕರೆಂಟು ಪಾವಗಡ ಪೇಟೆಗೆ ಸೀದಾ ಬರುವುದಿಲ್ಲ. 220, 400 ಕೆವಿ ಲೈನು ಹತ್ತಿ ಗ್ರಿಡ್ಡಿಗೆ ಹೋಗುತ್ತದೆ. ಪೇಟೆಯ ಅಂಗಡಿ, ಮನೆಗಳಿಗೆ ಬರುವುದು 11 ಕೆವಿ ಲೈನಿನಿಂದ, ಬೀದಿ ಬದಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೂಲಕ.

(ದೃಶ್ಯ: ಕಂಬದ ಮೇಲಿನ ಟಿಸಿ)

ಆ ಟಿಸಿಯ ಸಾಮರ್ಥ್ಯ 100 ಕೆವಿಎ, ಅಂದರೆ ಹೆಚ್ಚೆಂದರೆ 100 ಕಿಲೋವ್ಯಾಟ್ ಅಂದುಕೊಳ್ಳಿ. 60 ಕಿಲೋವ್ಯಾಟಿನ ಒಂದು ಫಾಸ್ಟ್ ಚಾರ್ಜರ್ ತಗುಲಿಸಿದರೆ ಅರ್ಧಕ್ಕಿಂತ ಜಾಸ್ತಿ ಅದೇ ನುಂಗುತ್ತದೆ. ಹಾಗಾಗಿ ಚಾರ್ಜರ್ ಹಾಕುವವರು ಬೇರೆ ಟಿಸಿಯನ್ನೇ ಹಾಕಿಸಬೇಕಾಗಬಹುದು. ಖರ್ಚು ಅಲ್ಲಿಂದಲೇ ಶುರು.

ಇನ್ನು ಗಿರಾಕಿ? ಹೊರಗಿನ ಕಾರುಗಳು ಹೆಚ್ಚಾಗಿ ಬರುವುದು ಶನಿಮಹಾತ್ಮನ ದರ್ಶನಕ್ಕೆ. ಶನಿವಾರ ಜಾತ್ರೆ, ಮಂಗಳವಾರ ನೊಣ ಹೊಡೆಯಬೇಕು. ಗಿರಾಕಿ ಬಂದರೂ ಬರದಿದ್ದರೂ ಸಾಲದ ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಶನಿವಾರವೂ ಕಷ್ಟವೇ. ಇರುವುದು ಒಂದೇ ಮಷೀನು, ಬಂದದ್ದು ಐದು ಕಾರು ಅಂದರೆ ಐದನೆಯವನಿಗೆ ನಿಜವಾಗಲೂ ಶನಿಕಾಟ. ಕರೆಂಟು ಹೋದರಂತೂ ಕೇಳಲೇಬೇಡಿ.

ಅಷ್ಟಕ್ಕೂ ಫಾಸ್ಟ್ ಚಾರ್ಜರ್ರೇ ಬೇಕಾ? ಲೆಕ್ಕ ಹಾಕೋಣ.

ಬೆಂಗಳೂರಿನಿಂದ ಪಾವಗಡ ಸುಮಾರು 160 ಕಿಲೋಮೀಟರ್. ಹೋಗಿ ಬರಲು 320. ಕಾರಿನ ಬ್ಯಾಟರಿ 40 ಯೂನಿಟ್, ಯೂನಿಟ್ಟಿಗೆ ಆರೂವರೆ ಕಿಲೋಮೀಟರ್ ಓಡುತ್ತದೆ ಅಂದರೆ 260 ಆಯಿತು. ಕಡಿಮೆ ಬಿದ್ದದ್ದು 60. ಹತ್ತು ಯೂನಿಟ್ ಸಾಕು.

(ದೃಶ್ಯ: ಗೋಡೆಯ ಮೇಲೆ ಗೀಸರ್ ಪ್ಲಗ್)

ನಿಮ್ಮನೆ ಗೀಸರ್ ಪ್ಲಗ್ ಇದೆಯಲ್ಲ, ಅದೇ 15 ಆಂಪಿನದು. ಅದರಿಂದ ಗಂಟೆಗೆ ಸುಮಾರು ಮೂರು ಯೂನಿಟ್ ಬ್ಯಾಟರಿಗೆ ಸೇರುತ್ತದೆ. ನಾಲ್ಕು ಗಂಟೆಗೆ ಹನ್ನೆರಡು. ದರ್ಶನ, ಊಟ, ಆಮೇಲೆ ಒಂದು ಸಣ್ಣ ನಿದ್ದೆ, ಅಷ್ಟರಲ್ಲಿ ಕೆಲಸ ಮುಗಿಯಿತು. ರಾತ್ರಿ ಉಳಿದರೆ ಎಂಟು ಗಂಟೆಗೆ 24 ಯೂನಿಟ್. ಅಂದರೆ ಹೆಚ್ಚುಕಡಿಮೆ ಬಂದ ದಾರಿಗೆ ಹಿಂದಿರುಗುವಷ್ಟು.

ನನ್ನ ಕೇಳಿದರೆ ಇಂಥ ಊರಿಗೆ ಒಂದು ದೊಡ್ಡ ಮಷೀನಿಗಿಂತ ಲಾಡ್ಜು, ಹೋಟೆಲು, ಛತ್ರಗಳಲ್ಲಿ ಹತ್ತು ಪ್ಲಗ್ ಪಾಯಿಂಟ್ ಮೇಲು. ಒಂದೊಂದು 3.3 ಕಿಲೋವ್ಯಾಟ್ ಎಳೆದು ಎಲ್ಲ ಒಟ್ಟಿಗೆ ಓಡಿದರೂ 33 ಕಿಲೋವ್ಯಾಟ್, ಅದೂ ಬೇರೆ ಬೇರೆ ಟಿಸಿ ಮೇಲೆ ಹಂಚಿಹೋಗುತ್ತದೆ. ನಮ್ಮ ದೇಶದಲ್ಲಿ ಚಾರ್ಜಿಂಗ್ ಪಾಯಿಂಟ್ ಇಡಲು ಲೈಸೆನ್ಸೂ ಬೇಕಿಲ್ಲ.

ಒಂದೇ ತೊಡಕು, ಅರ್ತಿಂಗ್. ಹಳೇ ಕಟ್ಟಡಗಳಲ್ಲಿ ಪ್ಲಗ್ಗಿನ ಮೂರನೇ ತೂತು ಎಷ್ಟೋ ಸಲ ಸುಮ್ನೆ ಶೋಕಿಗೆ ಇರುತ್ತದೆ. ಕಾರಿನ ಚಾರ್ಜರ್ ಅದನ್ನು ಕಂಡುಹಿಡಿದು ಕೆಂಪು ದೀಪ ಹಾಕಿ ಕೂರುತ್ತದೆ. ಸಾಮಾನ್ಯ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಬೇಡಿ. ಗಂಟೆಗಟ್ಟಲೆ ಓಡಿದರೆ ಬಿಸಿಯಾಗಿ ಕರಗುತ್ತದೆ.

ಲಾಡ್ಜಿಗೆ ಫೋನ್ ಮಾಡಿದಾಗ ರೂಮಿನ ಬಾಡಿಗೆ ಕೇಳುವ ಮೊದಲು ಇದನ್ನು ಕೇಳಿ: "ಅಣ್ಣಾ, ಕಾರು ನಿಲ್ಲಿಸೋ ಜಾಗದಲ್ಲಿ ಗೀಸರ್ ಪ್ಲಗ್ ಇದೆಯಾ? ಅರ್ತಿಂಗ್ ಸರಿಯಿದೆಯಾ?" ಕರೆಂಟಿನ ದುಡ್ಡು ಬೇರೆ ಕೊಡುತ್ತೇವೆ ಅಂತಲೂ ಹೇಳಿ.