ಆರು ತೋಟಾ, ಒಂದು ದಾರ

ಕೇಳುಗರಿಗೆ ನಮಸ್ಕಾರ.

ಹಳೇ ಪೊಲೀಸ್ ರಿವಾಲ್ವರಿನ ಹಿಡಿಕೆಯ ತಳದಲ್ಲಿ ಒಂದು ಉಕ್ಕಿನ ಉಂಗುರ ಇರುತ್ತದೆ. ಅದಕ್ಕೆ ಹೆಣೆದ ದಾರ ಕಟ್ಟಿ, ಇನ್ನೊಂದು ತುದಿಯನ್ನು ಭುಜಕ್ಕೋ ಕೊರಳಿಗೋ ಹಾಕಿಕೊಳ್ಳುತ್ತಿದ್ದರು. ಕುದುರೆ ಮೇಲಿನ ಅಧಿಕಾರಿಯ ಕೈಯಿಂದ ಜಾರಿದರೂ ಆಯುಧ ನೆಲಕ್ಕೆ ಬೀಳಬಾರದು, ಜಾತ್ರೆಯ ಗದ್ದಲದಲ್ಲಿ ಯಾರೂ ಕಿತ್ತುಕೊಂಡು ಓಡಬಾರದು, ಇಷ್ಟೇ ಅದರ ಲೆಕ್ಕ. ಕುದುರೆ ಹೋಗಿ ಜೀಪು ಬಂದರೂ ಉಂಗುರ ಉಳಿಯಿತು.

ನಮ್ಮ ಮೂರು ಜಿಲ್ಲೆಗಳ ಪೊಲೀಸ್ ಚರಿತ್ರೆ ಒಂದೇ ದಾರಿಯಲ್ಲಿ ಬಂದದ್ದಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನದು. ಅಲ್ಲಿನ ಖಾಕಿಗೆ ಬುನಾದಿ 1859ರ ಮದ್ರಾಸ್ ಜಿಲ್ಲಾ ಪೊಲೀಸ್ ಕಾಯ್ದೆ. ರಾಯಚೂರು ನಿಜಾಮರದು, ಕೊಪ್ಪಳ ನಿಜಾಮರ ರಾಜ್ಯದೊಳಗೇ ಸಾಲಾರ್ ಜಂಗರ ಜಹಗೀರು. ಆ ಸೀಮೆಯಲ್ಲಿ ಸಬ್ ಇನ್ಸ್‌ಪೆಕ್ಟರನಿಗೆ ಅಮೀನ್ ಎನ್ನುತ್ತಿದ್ದರು. 1956ರ ನವೆಂಬರಿನಲ್ಲಿ ರಾಜ್ಯ ಒಂದಾಯಿತು, 1963ರ ಪೊಲೀಸ್ ಕಾಯ್ದೆಯಿಂದ ಕಾನೂನೂ ಒಂದಾಯಿತು.

ಬ್ರಿಟಿಷರ ಕಾಲದಲ್ಲಿ ರಿವಾಲ್ವರ್ ಅಧಿಕಾರಿಯ ಸೊಂಟಕ್ಕೆ ಮಾತ್ರ. ಪೇದೆಗೆ ಲಾಠಿ, ಹೆಚ್ಚೆಂದರೆ ಮಸ್ಕೆಟ್. ಆ ಮಸ್ಕೆಟ್ಟೂ ಎಂಥದ್ದು? ರೈಫಲಿನ ನಳಿಗೆಯೊಳಗಿನ ಸುರುಳಿಗೆರೆಗಳನ್ನು ಕೊರೆದು ನುಣುಪು ಮಾಡಿದ್ದು. ದೂರದ ಗುರಿ ತಾಗದು. 1857ರ ದಂಗೆಯ ಅಂಜಿಕೆ ಅಷ್ಟು ಆಳಕ್ಕೆ ಇಳಿದಿತ್ತು.

ಅಧಿಕಾರಿಗಳ ರಿವಾಲ್ವರ್ ಎಂದರೆ ಬಹುಮಟ್ಟಿಗೆ ಬರ್ಮಿಂಗ್‌ಹ್ಯಾಮಿನ ವೆಬ್ಲಿ. 1868ರಲ್ಲಿ ಐರ್ಲೆಂಡಿನ ಪೊಲೀಸರಿಗೆಂದು ಮಾಡಿದ ಗಿಡ್ಡ ವೆಬ್ಲಿಯೇ ವಸಾಹತುಗಳ ಪೊಲೀಸರಿಗೂ ಮೇಲ್ಪಂಕ್ತಿ. 1887ರಲ್ಲಿ ಬ್ರಿಟಿಷ್ ಸೈನ್ಯ ಪಾಯಿಂಟ್ 455 ವೆಬ್ಲಿಯನ್ನು ಒಪ್ಪಿತು; ಈ ಅಂಕಿ ನಳಿಗೆಯ ಒಳ ಅಗಲದ್ದು, ಇಂಚಿನ ಲೆಕ್ಕದಲ್ಲಿ. 1915ರ ಆರನೇ ಮಾರ್ಕಿನ, ಅಂದರೆ ಆರನೇ ಮಾದರಿಯ, ಹೊತ್ತಿಗೆ ಅದು ಆರಿಂಚಿನ ನಳಿಗೆಯ, ಒಂದು ಕಿಲೋ ದಾಟಿದ ಕಬ್ಬಿಣದ ತುಂಡು. ಅದರ ಒದೆತ ತಡೆಯಲು ವರ್ಷಗಟ್ಟಲೆ ಅಭ್ಯಾಸ ಬೇಕು. ಮೊದಲ ಮಹಾಯುದ್ಧದ ಅನುಭವದಿಂದ ಸೈನ್ಯದವರು ಪಾಯಿಂಟ್ 38ಕ್ಕೆ ಇಳಿದರು. 1932ರಲ್ಲಿ ಎನ್‌ಫೀಲ್ಡ್ ಸರಕಾರಿ ಕಾರ್ಖಾನೆಯ ನಂಬರ್ 2 ರಿವಾಲ್ವರ್ ಬಂತು: ಐದಿಂಚು ನಳಿಗೆ, ಮುಕ್ಕಾಲು ಕಿಲೋ ತೂಕ. ವಿನ್ಯಾಸ ತನ್ನದೆಂದು ವೆಬ್ಲಿ ಕಂಪನಿ ತಕರಾರು ತೆಗೆದು, ಕಡೆಗೆ 1,250 ಪೌಂಡ್ ಪಡೆದು ಸುಮ್ಮನಾಯಿತು. ಸ್ವಾತಂತ್ರ್ಯದ ನಂತರವೂ ನಮ್ಮ ಶಸ್ತ್ರಾಗಾರಗಳ ಚರಣಿಗೆಯಲ್ಲಿ ದಶಕಗಟ್ಟಲೆ ಕೂತದ್ದು ಈ 38ರ ವೆಬ್ಲಿ, ಎನ್‌ಫೀಲ್ಡುಗಳೇ.

ಇದನ್ನು ತೆರೆಯುವ ಬಗೆ ಹೇಳುತ್ತೇನೆ. ತೋಟಾಕ್ಕೆ ಏಟು ಕೊಡುವ ಹ್ಯಾಮರಿನ ಪಕ್ಕ, ಎಡಗಡೆ, ಹೆಬ್ಬೆರಳಿಗೆ ಸಿಗುವಂತೆ ಒಂದು ಚಿಲಕದ ಕಡ್ಡಿ. ಒತ್ತಿದರೆ ನಳಿಗೆ ಅಡಕತ್ತರಿಯಂತೆ ಮುಂದಕ್ಕೆ ಬಾಗುತ್ತದೆ. ಬಾಗುತ್ತಿದ್ದಂತೆ ತೋಟಾ ತುಂಬುವ ಚಕ್ರದ, ಅಂದರೆ ಸಿಲಿಂಡರಿನ, ನಡುವಿನಿಂದ ನಕ್ಷತ್ರದಾಕಾರದ ತಟ್ಟೆ ಮೇಲೆದ್ದು, ಆರೂ ಖಾಲಿ ತೋಟಾಗಳನ್ನು ಒಮ್ಮೆಗೇ ಎತ್ತಿ ಚೆಲ್ಲುತ್ತದೆ. ತೊಂದರೆ ಇಲ್ಲೇ ಇದೆ. ಅರೆಮನಸ್ಸಿನಿಂದ ನಿಧಾನ ಬಾಗಿಸಿದರೆ ಒಂದು ಖಾಲಿ ತೋಟಾದ ಅಂಚು ನಕ್ಷತ್ರದ ಅಡಿಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಮುಚ್ಚಲೂ ಆಗದು, ತುಂಬಲೂ ಆಗದು. ಅದಕ್ಕೇ ಗನ್ನನ್ನು ಪಕ್ಕಕ್ಕೆ ವಾಲಿಸಿ, ಒಂದೇ ಏಟಿಗೆ ಪೂರ್ತಿ ಬಾಗಿಸಬೇಕು.

1938ರ ನಂತರದ ಎನ್‌ಫೀಲ್ಡಿಗೆ ಹ್ಯಾಮರಿನ ಕೊಂಬೇ ಇಲ್ಲ. ಟ್ಯಾಂಕಿನೊಳಗೆ ಅದು ಬಟ್ಟೆಬರೆಗೆ ಸಿಕ್ಕಿಕೊಳ್ಳುತ್ತದೆಂದು ಕತ್ತರಿಸಿದರು. ಹಾಗಾಗಿ ಹೆಬ್ಬೆರಳಿನಿಂದ ಹ್ಯಾಮರ್ ಏರಿಸಿ ಹಗುರಾಗಿ ಹಾರಿಸುವ ಅನುಕೂಲ ತಪ್ಪಿತು. ಪ್ರತಿ ಗುಂಡಿಗೂ ಐದು ಕಿಲೋಗಿಂತ ಹೆಚ್ಚಿನ ಎಳೆತವನ್ನು ತೋರುಬೆರಳೇ ಎಳೆಯಬೇಕು. ಟ್ಯಾಂಕೇ ಕಾಣದ ನಮ್ಮ ಠಾಣೆಗಳಿಗೆ ಟ್ಯಾಂಕಿನವರ ಕಷ್ಟ ಬಳುವಳಿಯಾಗಿ ಬಂತು! ಬಲಗೈಯವರ ಗುಂಡು ಗುರಿಯ ಎಡಕ್ಕೆ, ಕೆಳಕ್ಕೆ ಬೀಳುತ್ತಿದ್ದರೆ ದೋಷ ನಳಿಗೆಯದಲ್ಲ, ಟ್ರಿಗರನ್ನು ಹಿಂಡುವ ಬದಲು ಕಿತ್ತ ಬೆರಳಿನದು.

ನಮ್ಮ ಹವೆಗೆ ಬರೋಣ. ಸಂಡೂರು ಕಡೆಯ ಅದಿರಿನ ಕೆಂಧೂಳು ಎಣ್ಣೆಗೆ ಸೇರಿದರೆ ಉಜ್ಜುಕಾಗದದಷ್ಟು ಒರಟು. ಎಣ್ಣೆ ಹೆಚ್ಚಿದ್ದಷ್ಟೂ ಒಳ್ಳೆಯದೆಂಬುದು ತಪ್ಪು. ಒರೆಸಿದ ಮೇಲೆ ಬೆರಳಿಗೆ ಜಿಡ್ಡು ಹತ್ತಿದಂತೆ ಆಗಬೇಕು, ಬೆರಳು ನೆನೆಯಬಾರದು. ಸಿಲಿಂಡರಿನೊಳಗೆ ಎಣ್ಣೆ ಉಳಿದರೆ ತೋಟಾದ ಬೆನ್ನಿನಲ್ಲಿ ಕಿಡಿ ಹೊತ್ತಿಸುವ ಕೇಪಿನೊಳಕ್ಕೆ ಇಳಿದು ಮದ್ದು ಸಾಯುತ್ತದೆ. ಸಿಲಿಂಡರಿಗೂ ನಳಿಗೆಗೂ ನಡುವೆ ಇರಬೇಕಾದ ಸಂದು ಕಾಲು ಮಿಲಿಮೀಟರಿನೊಳಗೆ. ಮಸಿ ಕಟ್ಟಿದರೆ ಚಕ್ರ ತಿರುಗದು, ಸಂದು ಸವೆದು ಅಗಲವಾದರೆ ಪಕ್ಕದಿಂದ ಬೆಂಕಿ ಉಗುಳುತ್ತದೆ.

ಇನ್ನೊಂದು ಕಾಯಿಲೆ ಕಿಲುಬು. ತೋಟಾಗಳನ್ನು ಚರ್ಮದ ಬೆಲ್ಟಿನ ಕುಣಿಕೆಗಳಲ್ಲಿ ತಿಂಗಳುಗಟ್ಟಲೆ ಬಿಟ್ಟರೆ, ಚರ್ಮ ಹದ ಮಾಡಿದ ಹುಳಿ ಹಿತ್ತಾಳೆಗೆ ತಗಲಿ ಹಸಿರು ಹುಡಿ ಕೂರುತ್ತದೆ. ತಂಬಿಗೆಗೆ ಹಿಡಿಯುವ ಕಿಲುಬೇ ಇದು, ಆದರೆ ತಂಬಿಗೆಯ ಮದ್ದಾದ ಹುಣಸೆಹಣ್ಣು ಇದಕ್ಕೆ ಸಲ್ಲದು. ಒಣಬಟ್ಟೆಯಿಂದ ಒರೆಸಿ, ಹೊರಮೈ ತಿಂದುಹೋಗಿದ್ದರೆ ಆ ತೋಟಾವನ್ನು ಬೇರೆ ಇಡಬೇಕು. ಚರ್ಮದ ಒರೆ ಮಳೆಗಾಲದಲ್ಲಿ ತೇವ ಹೀರಿ ಉಕ್ಕಿಗೆ ದಾಟಿಸುತ್ತದೆ. ಶಸ್ತ್ರಾಗಾರದಲ್ಲಿ ಗನ್ನೂ ಒರೆಯೂ ಬೇರೆ ಬೇರೆ ಮಲಗಬೇಕು. ಆಯುಧಪೂಜೆಯ ಅರಿಶಿನ ಕುಂಕುಮವೂ ಅಷ್ಟೆ, ಒದ್ದೆಯಾಗಿ ರಾತ್ರಿಯಿಡೀ ಉಳಿದರೆ ಅಲ್ಲೇ ತುಕ್ಕು. ಭಕ್ತಿ ಹಣೆಗೆ ಸಾಕು, ನಳಿಗೆಯ ಬಾಯಿಗೆ ಬೇಡ.

ತೋಟಾದ ಹೆಸರಲ್ಲೂ ಗೊಂದಲವಿದೆ. ಸರ್ವಿಸ್ ರಿವಾಲ್ವರಿನದು ಪಾಯಿಂಟ್ 380. ಅಮೆರಿಕದ 38 ಸ್ಪೆಷಲ್ ಇದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಉದ್ದ. ತೋಟಾ ತರಿಸುವ ಬೇಡಿಕೆ ಪಟ್ಟಿಯಲ್ಲಿ, ಅಂದರೆ ಇಂಡೆಂಟಿನಲ್ಲಿ, ಬರೀ 38 ಎಂದು ಬರೆದು ಕೈತೊಳೆದುಕೊಂಡರೆ ಬಂದದ್ದು ಗೂಡಿಗೆ ಕೂರದು. ಪುಣೆ ಬಳಿಯ ಖಡಕಿ ಕಾರ್ಖಾನೆ 380ರ ತೋಟಾ ಮಾಡುತ್ತ ಬಂದಿದೆ. ಬೆನ್ನ ಮೇಲೆ ಕೆಎಫ್ ಎಂಬ ಅಕ್ಷರ ನೋಡಬಹುದು. ಇದರ ಗುಂಡು ನಿಧಾನದ್ದು, ಸೆಕೆಂಡಿಗೆ 200 ಮೀಟರಿನ ಆಸುಪಾಸು. ಮದ್ದು ಹಳತಾಗಿ ಸೊರಗಿದ್ದರೆ ಫುಸ್ಸೆಂದು ನಳಿಗೆಯ ನಡುವೆಯೇ ನಿಲ್ಲುತ್ತದೆ. ಸದ್ದು ಸಣ್ಣದಾಯಿತೆಂದರೆ ಎರಡನೆಯದನ್ನು ಹಾರಿಸಕೂಡದು; ಹಾರಿಸಿದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಬಿರಿಯುತ್ತದೆ. ಮೊದಲು ಖಾಲಿ ಮಾಡಿ, ಹಿಂದಿನಿಂದ ಬೆಳಕು ಹಾಯುತ್ತದೆಯೇ ನೋಡಬೇಕು.

ಪಶ್ಚಿಮ ಬಂಗಾಳದ ಈಶಾಪುರ ಕಾರ್ಖಾನೆಯ 13 ಗುಂಡಿನ 9 ಎಂಎಂ ಪಿಸ್ತೂಲು ಬಂದ ಮೇಲೆ ರಿವಾಲ್ವರ್ ಹಿಂದೆ ಸರಿಯಿತು. ಹಳತೆಂದು ಹೀಗಳೆಯುವವರು ಒಂದು ಮಾತು ಮರೆಯುತ್ತಾರೆ. ವರ್ಷಕ್ಕೊಮ್ಮೆ ಗುಂಡು ಹಾರಿಸುವ ಅಭ್ಯಾಸಕ್ಕೆಂದು ರೇಂಜಿಗೆ ಹೋಗುವ ಅಧಿಕಾರಿಯ ಕೈಯಲ್ಲಿ ತೋಟಾ ಸಿಡಿಯದಿದ್ದರೆ, ಪಿಸ್ತೂಲಿಗೆ ಮೇಲಿನ ಜಾರುಭಾಗ, ಅಂದರೆ ಸ್ಲೈಡ್, ಎಳೆದು ಕೆಟ್ಟದ್ದನ್ನು ಹೊರಗೆ ಹಾಕಬೇಕು. ರಿವಾಲ್ವರಿಗೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಸಾಕು, ಮುಂದಿನ ಗೂಡು ತಾನೇ ಬರುತ್ತದೆ. ಆದರೆ ಇದು ಆಪತ್ತಿನ ಹೊತ್ತಿನ ಮಾತು. ರೇಂಜಿನಲ್ಲಾದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಮೂವತ್ತು ಸೆಕೆಂಡ್ ಕಾಯಬೇಕು, ತಡವಾಗಿ ಸಿಡಿಯುವುದೂ ಉಂಟು. ಆಮೇಲೆ ತೆಗೆದು, ಆಯುಧ ನೋಡಿಕೊಳ್ಳುವ ಆರ್ಮರರ ಕೈಗೆ ಬೇರೆಯಾಗಿ ಒಪ್ಪಿಸಿ, ಖಾಲಿ ತೋಟಾ ಐದು, ಸಿಡಿಯದ್ದು ಒಂದು ಎಂದು ರಿಜಿಸ್ಟರಿನಲ್ಲಿ ಬರೆಸಿ ಸಹಿ ಹಾಕಬೇಕು.