ಗಿಳಿಗೆ ಸ್ನಾನದ ರೂಢಿ

ಕೇಳುಗರಿಗೆ ನಮಸ್ಕಾರ. ಗಿಳಿ ಸಾಕಿರುವವರು ಪಕ್ಷಿವೈದ್ಯೆಯಾದ ನನ್ನ ಬಳಿ ಮತ್ತೆ ಮತ್ತೆ ಹೇಳಿಕೊಳ್ಳುವ ದೂರೊಂದಿದೆ: "ನಮ್ಮ ಗಿಳಿಗೆ ನೀರೆಂದರೆ ಆಗುವುದಿಲ್ಲ, ಸ್ನಾನ ಮಾಡಿಸುವುದು ಹೇಗೆ?" ಕಾಡಿನ ಗಿಳಿಗಳು ಮಳೆ ಸುರಿದಾಗ ರೆಕ್ಕೆ ಹರಡಿಕೊಂಡು, ಕೆಲವೊಮ್ಮೆ ಕೊಂಬೆಯಿಂದ ತಲೆಕೆಳಗಾಗಿ ಜೋತುಬಿದ್ದು ಮೈ ತೋಯಿಸಿಕೊಳ್ಳುತ್ತವೆ. ಆಸ್ಟ್ರೇಲಿಯಾದ ಒಣ ಬಯಲಿನಿಂದ ಬಂದ ಪುಟ್ಟ ಬಡ್ಜಿ ಗಿಳಿ ಕೂಡ ಒದ್ದೆ ಎಲೆಗಳ ನಡುವೆ ಹೊರಳಿ ಮೈ ಉಜ್ಜಿಕೊಳ್ಳುವುದನ್ನು ಬಲು ಇಷ್ಟಪಡುತ್ತದೆ. ಇಂಥ ಹಕ್ಕಿ ನಿಮ್ಮ ಮನೆಯಲ್ಲಿ ನೀರು ಕಂಡೊಡನೆ ಓಡಿಹೋಗುತ್ತಿದ್ದರೆ, ಆ ನೀರು ಅದರ ಮೇಲೆ ಬೀಳುತ್ತಿರುವ ರೀತಿಯನ್ನು ನೋಡಬೇಕು. ನಾನು ಹೇಳಬೇಕಾಗಿರುವುದು ಒಂದೇ ಮಾತು, ದಯವಿಟ್ಟು ಅದೊಂದನ್ನು ನೆನಪಿಡಿ: ಗಿಳಿ ತಾನಾಗಿ ನೀರಿನ ಬಳಿಗೆ ಬರಬೇಕು.

ಸ್ನಾನ ಗಿಳಿಗೆ ಶೋಕಿಯಲ್ಲ. ಧೂಳು ಹಿಡಿದ ಗರಿಗಳನ್ನು ಅದು ಕೊಕ್ಕಿನಿಂದ ಒಂದೊಂದಾಗಿ ತೀಡಿ ಸರಿಪಡಿಸಿಕೊಳ್ಳಲು ತೇವ ಬೇಕು. ಹಳೆಯ ಗರಿ ಉದುರಿ ಹೊಸದು ಮೂಡುವ ಕಾಲದಲ್ಲಿ ಎಳೆಗರಿಯನ್ನು ಸುತ್ತಿಕೊಂಡಿರುವ ಗಟ್ಟಿ ಪೊರೆ ನೀರಿನಿಂದ ಮೆತ್ತಗಾಗುತ್ತದೆ, ಹಕ್ಕಿಗೆ ತುರಿಕೆಯೂ ತಗ್ಗುತ್ತದೆ. ಕಾಕಟೂ, ಕಾಕಟೀಲ್ ಮತ್ತು ಆಫ್ರಿಕನ್ ಗ್ರೇ ಗಿಳಿಗಳ ಮೈಯಿಂದ ಬಿಳಿಯ ನುಣ್ಣನೆಯ ಪುಡಿ ಸದಾ ಉದುರುತ್ತಿರುವುದರಿಂದ ಅವುಗಳಿಗಂತೂ ಸ್ನಾನ ತಪ್ಪಿಸಲೇಬಾರದು.

ಒಂದು ಆಫ್ರಿಕನ್ ಗ್ರೇ ಗಿಳಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅದರಿಂದ ಎಲ್ಲವೂ ಅರ್ಥವಾಗುತ್ತದೆ. ಅದರ ಮನೆಯವರು ನನ್ನ ಬಳಿಗೆ ಬರುವ ವೇಳೆಗೆ ಆ ಹಕ್ಕಿ ನೀಲಿ ಬಣ್ಣದ ಯಾವ ವಸ್ತುವನ್ನು ಕಂಡರೂ ಗರಿಗಳನ್ನು ಮೈಗೆ ಬಿಗಿಯಾಗಿ ಅಂಟಿಸಿಕೊಂಡು, ಕತ್ತು ಉದ್ದ ಮಾಡಿ, ಪಂಜರದ ಹಿಂಬದಿಯ ಸರಳುಗಳಿಗೆ ಒರಗಿಕೊಳ್ಳುತ್ತಿತ್ತು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಅವರ ಸ್ಪ್ರೇ ಬಾಟಲಿ ನೀಲಿಯದು. ಸ್ನಾನಕ್ಕೂ ಅದೇ, ಗಿಳಿ ಕಿರುಚಿದಾಗ ಮುಖಕ್ಕೆ ನೀರು ಚಿಮ್ಮಿಸಿ ಗದರಿಸುವುದಕ್ಕೂ ಅದೇ. ಶಿಕ್ಷೆಗೆ ಬಳಸಿದ ನೀರಿನಲ್ಲಿ ಹಕ್ಕಿ ಸಂತೋಷದಿಂದ ಮೀಯಬೇಕೆಂದು ಬಯಸುವುದು ಯಾವ ನ್ಯಾಯ? ಆ ಬಾಟಲಿಯನ್ನು ಮನೆಯಿಂದಲೇ ಆಚೆ ಹಾಕಿಸಿದೆ. ಮನೆಯಾಕೆ ತರಕಾರಿ ತೊಳೆಯುವಾಗ ಗಿಳಿಯನ್ನು ದೂರದ ಅಡ್ಡಕೋಲಿನ ಮೇಲೆ ಕೂರಿಸಿ, ಅದಕ್ಕೆ ಏನನ್ನೂ ಮಾಡದೆ, ತಾವು ನೀರಿನಲ್ಲಿ ಕೈಯಾಡಿಸುತ್ತ ಮಾತಾಡಿಸುತ್ತಿರಲಿ ಎಂದೆ. ಕೆಲವು ದಿನಗಳ ಬಳಿಕ ಅಗಲವಾದ, ಭಾರವಾದ ತಟ್ಟೆಯೊಂದರಲ್ಲಿ ಅದರ ಕಾಲು ಮುಳುಗುವಷ್ಟೇ ನೀರು ಹಾಕಿ, ಒದ್ದೆ ಸೊಪ್ಪಿನ ಎಲೆಗಳನ್ನು ಹರಡಿ, ಗಿಳಿ ಇಳಿದು ಬರಬಹುದಾದ ಕಡೆ ಇಟ್ಟರು. ಮೊದಮೊದಲು ಅದು ತಟ್ಟೆಯ ಅಂಚನ್ನು ಕೊಕ್ಕಿನಿಂದ ಕುಟ್ಟಿ ಹೊರಟುಹೋಗುತ್ತಿತ್ತು. ಮುಂದೆ ಎಲೆಯೊಂದನ್ನು ಎಳೆದು ಹಾಕಿತು. ಆಮೇಲೊಂದು ದಿನ ಒಂದು ಕಾಲನ್ನಷ್ಟೇ ನೀರಿಗಿಟ್ಟು, ಚಟ್ಟನೆ ಹಿಂತೆಗೆದು, ಆ ಕಾಲನ್ನು ಎತ್ತಿ ಹಿಡಿದು ಬೆರಳುಗಳನ್ನು ನೆಕ್ಕಿತಂತೆ. ವಾರಗಳು ಕಳೆದ ಮೇಲೆ ಎದೆಯನ್ನು ನೀರಿಗೆ ತಾಗಿಸಿ, ರೆಕ್ಕೆ ಬಡಿದು, ಸುತ್ತಲಿನ ನೆಲವನ್ನೆಲ್ಲ ತೋಯಿಸಿಬಿಟ್ಟಿತು. ತಟ್ಟೆಯಲ್ಲಿ ಉಳಿದ ನೀರಿನ ಮೇಲೆ ಬಿಳಿಯ ಪುಡಿ ತೆಳುವಾದ ಕೆನೆಯಂತೆ ತೇಲುತ್ತಿತ್ತೆಂದು ಮನೆಯವರು ಫೋನಿನಲ್ಲಿ ಹೇಳುವಾಗ ನನಗಾದ ಆನಂದ ಅಷ್ಟಿಷ್ಟಲ್ಲ. ಅಷ್ಟು ದಿನಗಳಲ್ಲಿ ಯಾರೂ ಅದನ್ನು ಹಿಡಿದಿರಲಿಲ್ಲ, ತಳ್ಳಿರಲಿಲ್ಲ. ಗಿಳಿ ತಾನಾಗಿಯೇ ನೀರಿನ ಬಳಿಗೆ ಬಂದಿತ್ತು.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ತಟ್ಟೆಯನ್ನು ಇಷ್ಟಪಡದ ಗಿಳಿಗೆ ತುಂತುರು ಹಿಡಿಸಬಹುದು. ಹೊಸ ಬಾಟಲಿಯನ್ನೇ ಬಳಸಿ. ಸೋಪಿನ ನೀರೋ ಕೀಟನಾಶಕವೋ ಇದ್ದ ಬಾಟಲಿ ಬೇಡವೇ ಬೇಡ. ನೀರನ್ನು ಹಕ್ಕಿಯ ತಲೆಗಿಂತ ಮೇಲಕ್ಕೆ ಚಿಮ್ಮಿಸಿದರೆ ಅದು ಮಳೆಯಂತೆ ಇಳಿಯುತ್ತದೆ. ಗಿಳಿ ಗರಿಗಳನ್ನು ಸಡಿಲಿಸಿ ರೆಕ್ಕೆ ಬಿಚ್ಚಿದರೆ ಮುಂದುವರಿಸಿ. ಹಿಂದೆ ಸರಿದರೆ, ಬಾಯಿ ತೆರೆದು ಏದುಸಿರು ಬಿಟ್ಟರೆ, ಆ ಕ್ಷಣವೇ ನಿಲ್ಲಿಸಿ. "ಇನ್ನೊಂದು ಸ್ವಲ್ಪ ಹಾಕಿದರೆ ಅಭ್ಯಾಸವಾಗುತ್ತದೆ" ಎನ್ನುವವರಿಗೆ ಎಷ್ಟು ಸಲ ಹೇಳಿದರೂ ಸಾಲದು: ಹಾಗೆ ಬೆಳೆಯುವುದು ಭಯ ಮಾತ್ರ. ಕುಡಿಯುವ ಬಟ್ಟಲಿಗೆ ತಲೆ ಅದ್ದಿ ನೀರು ಚೆಲ್ಲಾಡುವ ಗಿಳಿ ಸ್ನಾನ ಬೇಕೆಂದು ಕೇಳುತ್ತಿದೆಯೆಂದೇ ತಿಳಿದು ಕೂಡಲೇ ತಟ್ಟೆ ಇಡಿ.

ನೀರು ತಣ್ಣಗೆ ಕೊರೆಯುವಂತಿರಬಾರದು, ಬಿಸಿಯೂ ಇರಬಾರದು. ಸೋಪು, ಶಾಂಪೂ ಎರಡೂ ಬೇಡ. ರಾತ್ರಿ ಮಲಗುವ ಮೊದಲು ಮೈ ಪೂರ್ತಿ ಒಣಗುವಂತೆ ಬೆಳಗಿನ ಹೊತ್ತಿನಲ್ಲೇ, ಗಾಳಿ ನೇರವಾಗಿ ಬೀಸದ ಬೆಚ್ಚನೆಯ ಕೋಣೆಯಲ್ಲಿ ಸ್ನಾನವಾಗಲಿ. ಹೇರ್ ಡ್ರೈಯರ್ ಹಿಡಿಯಬೇಡಿ. ಕೆಲವು ಡ್ರೈಯರ್‌ಗಳ ಒಳಭಾಗದಲ್ಲಿರುವ ಅಂಟುನಿರೋಧಕ ಲೇಪ ಕಾದಾಗ ಹೊರಡುವ ಹೊಗೆ ಹಕ್ಕಿಯ ಪ್ರಾಣವನ್ನೇ ತೆಗೆಯಬಲ್ಲದು. ಇನ್ನು, ಇಷ್ಟಪಟ್ಟು ಮೀಯುತ್ತಿದ್ದ ಗಿಳಿ ಇದ್ದಕ್ಕಿದ್ದಂತೆ ನೀರು ಬಿಟ್ಟು, ಗರಿ ಉಬ್ಬಿಸಿಕೊಂಡು ಮಂಕಾಗಿ ಕುಳಿತರೆ ಅದನ್ನು ಒದ್ದೆ ಮಾಡದೆ, ಬೆಚ್ಚಗಿಟ್ಟು, ಅದೇ ದಿನ ಪಕ್ಷಿವೈದ್ಯರ ಬಳಿಗೆ ಕರೆದೊಯ್ಯಿರಿ. ನಮಸ್ಕಾರ.