ಪಾಸ್‌ವರ್ಡ್ ಯಾರ ಹತ್ತಿರ ಇದೆ ಸ್ವಾಮಿ?

ನಮಸ್ಕಾರ ಸ್ನೇಹಿತರೇ. ಇವತ್ತು ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಹಾಕುವುದು ಹೇಗೆ ಅಂತ ಹೇಳಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅದನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಹೋದ ವಿಡಿಯೋ ಕೆಳಗೆ ಒಂದು ಕಮೆಂಟ್ ಬಂದಿದೆ, ಅದನ್ನು ಓದಿದ ಮೇಲೆ ಕ್ಯಾಟಲಾಗ್ ಬಗ್ಗೆ ಮಾತಾಡುವ ಮನಸ್ಸೇ ಬರಲಿಲ್ಲ. ಓದುತ್ತೇನೆ, ಕೇಳಿ.

"ಸಾರ್, ನೀವು ಸುಮ್ನೆ ನಮ್ಮ ಹೊಟ್ಟೆ ಮೇಲೆ ಹೊಡೀತಿದ್ದೀರ. ಪ್ಲಂಬರ್, ಎಲೆಕ್ಟ್ರಿಷಿಯನ್‌ಗೆಲ್ಲ ಡೊಮೈನು, ಪಾಸ್‌ವರ್ಡು ಕೊಟ್ಟು ಏನು ಪ್ರಯೋಜನ? ಅವರಿಗೆ ಅರ್ಥ ಆಗಲ್ಲ. ಹಾಳು ಮಾಡ್ಕೋತಾರೆ. ನಮ್ಮ ಹತ್ರ ಇದ್ರೆ ಸೇಫ್."

ಬರೆದವರು ವೆಬ್‌ಸೈಟ್ ಮಾಡಿಕೊಡುವವರು. ಡೊಮೈನು ಅಂದರೆ ವೆಬ್‌ಸೈಟಿನ ವಿಳಾಸ. ಕೆಳಗೆ ಎರಡು ಕೈ ಮುಗಿದ ಇಮೋಜಿ ಬೇರೆ. ಅಯ್ಯಾ, ದುಡ್ಡು ಅಂಗಡಿಯವನದು. ಅಂಗಡಿ ಅವನದು. ಬೋರ್ಡ್ ಮೇಲಿನ ಹೆಸರು ಅವನದು. ಪಾಸ್‌ವರ್ಡ್ ಮಾತ್ರ ನಿಮ್ಮದು ಹೇಗಾಯಿತು?

ನಾನು ಈ ಚಾನೆಲ್‌ನಲ್ಲಿ ಮೊದಲಿನಿಂದ ಹೇಳುತ್ತಿರುವುದು ಒಂದೇ ಮಾತು. ಸಣ್ಣ ಕಸುಬಿನವರು ವೆಬ್‌ಸೈಟ್ ಮಾಡಿಸಿ, ಮಾಡಿಸದೇ ಇರಿ. ಮಾಡಿಸಿದರೆ ಡೊಮೈನ್ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಫೋನ್ ನಂಬರ್‌ಗೆ ಇರಬೇಕು. ಗೂಗಲ್ ಮ್ಯಾಪ್‌ನಲ್ಲಿರುವ ನಿಮ್ಮ ಅಂಗಡಿಯೂ ಅಷ್ಟೇ. ಡಿಸೈನ್, ಬಣ್ಣ, ಲೋಗೋ ಎಲ್ಲಾ ಆಮೇಲೆ.

ತುಮಕೂರು ಕಡೆ ಒಬ್ಬರು ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ ಮಾಡುತ್ತಾರೆ. ಹೆಸರು ಬೇಡ. ಅಂಗಡಿ ಮುಂದೆ ಸಬ್‌ಮರ್ಸಿಬಲ್ ಮೋಟಾರುಗಳನ್ನು ಸಾಲಾಗಿ ಮಲಗಿಸಿರುತ್ತಾರೆ. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ರೈತನ ಹೆಸರು, ಊರು, ಎಷ್ಟು ಎಚ್‌ಪಿ ಅಂತ ಬರೆದಿರುತ್ತದೆ. ಒಳಗೆ ಕಾಲಿಟ್ಟರೆ ವಾರ್ನಿಷ್ ವಾಸನೆ. ಮೂಲೆಯಲ್ಲಿ ಸುಟ್ಟು ಕಪ್ಪಾದ ತಾಮ್ರದ ತಂತಿಯ ರಾಶಿ. ಈಗ ಇವರ ವೆಬ್‌ಸೈಟ್ ತೆರೆದು ನೋಡಿ. ಹಳದಿ ಹೆಲ್ಮೆಟ್ ಹಾಕಿಕೊಂಡ ನಾಲ್ಕು ಜನ ವಿದೇಶಿಯರು ಹಲ್ಲು ಬಿಟ್ಟುಕೊಂಡು ನಿಂತಿದ್ದಾರೆ. ಕೈಗೆ ಒಂಚೂರು ಗ್ರೀಸ್ ಅಂಟಿಲ್ಲ. ಕೆಳಗೆ "ವೆಲ್‌ಕಮ್ ಟು ಅವರ್ ಕಂಪನಿ". ಒಂದಕ್ಷರ ಕನ್ನಡ ಇಲ್ಲ. ಗುಬ್ಬಿಯಿಂದ ಮೋಟಾರ್ ಹೊತ್ತು ತರುವ ರೈತ ಇದನ್ನು ನೋಡಿ ಏನು ತಿಳಿದುಕೊಳ್ಳಬೇಕು?

ಇಷ್ಟಕ್ಕೆ ಅವರು ಕೊಟ್ಟಿದ್ದು 18,000 ರೂಪಾಯಿ. ಫೋಟೋ ಹೋಗಲಿ ಬಿಡಿ, ನಿಜವಾದ ಕಥೆ ಮುಂದಿದೆ. ಅವರ ಫೋನ್ ನಂಬರ್ ಬದಲಾಯಿತು. ವೆಬ್‌ಸೈಟ್‌ನಲ್ಲಿ ಹೊಸ ನಂಬರ್ ಹಾಕಿಸಬೇಕು. ಮಾಡಿಕೊಟ್ಟ ಹುಡುಗನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದನಂತೆ. ಡೊಮೈನ್ ಅವನ ಹೆಸರಲ್ಲಿ. ಹೋಸ್ಟಿಂಗ್, ಅಂದರೆ ವೆಬ್‌ಸೈಟ್ ಇಟ್ಟಿರುವ ಜಾಗ, ಅವನ ಅಕೌಂಟ್‌ನಲ್ಲಿ. ಮ್ಯಾಪ್ ಲಿಸ್ಟಿಂಗ್ ಕೂಡ ಅವನ ಜಿಮೇಲ್‌ನಲ್ಲಿ. ಇದೆಲ್ಲ ಆಗಿದ್ದು ಬೇಸಿಗೆಯಲ್ಲಿ. ರಿವೈಂಡಿಂಗ್‌ನವರಿಗೆ ಬೇಸಿಗೆಯೇ ಸುಗ್ಗಿ. ಬೋರ್‌ನಲ್ಲಿ ನೀರು ಇಳಿದು ಮೋಟಾರ್ ಡ್ರೈ ರನ್ ಆಗುತ್ತದೆ, ವೋಲ್ಟೇಜ್ ಬಿದ್ದು ಕಾಯಿಲ್ ಸುಡುತ್ತದೆ, ಜನ ಮೊಬೈಲ್ ತೆಗೆದು ಹುಡುಕುತ್ತಾರೆ. ಹುಡುಕಿದವರಿಗೆ ಸಿಗುತ್ತಿದ್ದದ್ದು ಹಳೇ ನಂಬರ್. ಅದು ಅಷ್ಟರಲ್ಲಿ ಬೇರೆ ಯಾರೋ ಅಮ್ಮನಿಗೆ ಹೋಗಿತ್ತು. ಆ ಅಮ್ಮ ಎತ್ತಿಕೊಂಡು "ಮೋಟಾರೂ ಇಲ್ಲ, ಎಂಥದ್ದೂ ಇಲ್ಲ, ಫೋನ್ ಇಡ್ರಿ" ಅಂತ ಬೈಯುತ್ತಿದ್ದರಂತೆ.

ಇದು "ನಮ್ಮ ಹತ್ರ ಇದ್ರೆ ಸೇಫ್". ಗೊತ್ತಾಯಿತಲ್ಲ?

ಒಂದು ನಿಮಿಷ, ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರು. ಈ ಟೈಮಲ್ಲೇ ಹಾಕುತ್ತಾರೆ. ಇದನ್ನು ಕಟ್ ಮಾಡು ಅಂದರೆ ಎಡಿಟ್ ಮಾಡುವ ನಮ್ಮ ಅಕ್ಕನ ಮಗ "ಇರಲಿ ಮಾಮ, ನ್ಯಾಚುರಲ್ ಆಗಿದೆ" ಅನ್ನುತ್ತಾನೆ. ಸರಿ, ಇರಲಿ. ಮಿಕ್ಸಿ ನಿಲ್ಲುವಷ್ಟರಲ್ಲಿ ಸಬ್‌ಸ್ಕ್ರೈಬ್ ಮಾಡಿಬಿಡಿ.

ಡೊಮೈನ್ ಅಂದರೆ ಏನೋ ದೊಡ್ಡ ವಿಷಯ ಅಂತ ಹೆದರಿಸುತ್ತಾರೆ. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ನೀವು ಕೊಳ್ಳುವುದು ಅವರ ಕೆಳಗಿರುವ ರಿಜಿಸ್ಟ್ರಾರ್ ಕಂಪನಿಗಳ ಹತ್ತಿರ. ಸಾಮಾನ್ಯ ಹೆಸರಾದರೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಮೊದಲ ವರ್ಷ ಆಫರ್‌ನಲ್ಲಿ ಕಡಿಮೆಗೆ ಕೊಡುತ್ತಾರೆ, ರಿನ್ಯೂವಲ್ ಜಾಸ್ತಿ ಇರುತ್ತದೆ. ಕೊಳ್ಳುವಾಗಲೇ ರಿನ್ಯೂವಲ್ ರೇಟ್ ನೋಡಿಕೊಳ್ಳಿ. ಯುಪಿಐನಲ್ಲಿ ದುಡ್ಡು ಕಟ್ಟಬಹುದು. ತರಕಾರಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಲು ಬರುವವರಿಗೆ ಇದೂ ಬರುತ್ತದೆ. ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಹೆಸರು ಕೂಡ ಸಿಗುತ್ತದೆ. ನನಗೆ ಅದು ಇಷ್ಟ. ಆದರೆ ಗಿರಾಕಿ ಮೊಬೈಲ್‌ನಲ್ಲಿ ಟೈಪ್ ಮಾಡಬೇಕಲ್ಲ, ಹಾಗಾಗಿ ಮೊದಲು ಡಾಟ್ ಇನ್ ತೆಗೆದುಕೊಳ್ಳಿ.

ರಿಜಿಸ್ಟ್ರೇಷನ್‌ನಲ್ಲಿ ರಿಜಿಸ್ಟ್ರಂಟ್ ಅಂತ ಒಂದು ಜಾಗ ಇದೆ. ಅಲ್ಲಿ ಯಾರ ಹೆಸರಿದೆಯೋ ಡೊಮೈನ್ ಅವರದು. ಬಿಲ್ ಕಟ್ಟಿದ್ದು ಯಾರು, ಬೆವರು ಸುರಿಸಿದ್ದು ಯಾರು, ಯಾರೂ ಕೇಳುವುದಿಲ್ಲ. ಮನೆ ಕಟ್ಟಿಸಿದ್ದು ನೀವು, ಖಾತೆ ಮಾತ್ರ ಮೇಸ್ತ್ರಿ ಹೆಸರಲ್ಲಿ ಮಾಡಿಸುತ್ತೀರಾ? "ಇವರಿಗೆ ಖಾತೆ ಎಲ್ಲಾ ಅರ್ಥ ಆಗಲ್ಲ, ನನ್ನ ಹೆಸರಲ್ಲೇ ಇದ್ದರೆ ಸೇಫ್" ಅಂತ ಮೇಸ್ತ್ರಿ ಅಂದರೆ ಊರಿನವರು ಸುಮ್ಮನೆ ಬಿಡುತ್ತಾರಾ?

ಅರ್ಥ ಆಗಲ್ಲವಂತೆ! ಮೋಟಾರ್ ಒಳಗೆ ತಂತಿ ಸುತ್ತುವ ಭಾಗ ಸ್ಟೇಟರ್. 24 ಸ್ಲಾಟ್‌ನ ಸ್ಟೇಟರ್‌ಗೆ ಯಾವ ಗೇಜ್ ತಂತಿ, ಎಷ್ಟು ಸುತ್ತು, ಯಾವ ಸ್ಲಾಟ್‌ನಿಂದ ಯಾವ ಸ್ಲಾಟ್‌ಗೆ ಅಂತ ತಲೆಯಲ್ಲೇ ಇಟ್ಟುಕೊಂಡಿರುವ ಮನುಷ್ಯ ಆ ತುಮಕೂರಿನವರು. ಒಂದು ಕನೆಕ್ಷನ್ ಉಲ್ಟಾ ಆದರೆ ಮೋಟಾರ್ ಢಮಾರ್. ಅಂಥವರಿಗೆ ಒಂದು ಪಾಸ್‌ವರ್ಡ್ ಅರ್ಥ ಆಗಲ್ಲ. ನೀವು ರೆಡಿಮೇಡ್ ಟೆಂಪ್ಲೇಟ್‌ಗೆ ಹೆಸರು ಅಂಟಿಸುತ್ತೀರಲ್ಲ, ಅದು ಮಾತ್ರ ಮಹಾ ವಿದ್ಯೆ.

ಇನ್ನು ಮ್ಯಾಪ್ ವಿಷಯ. ಗೂಗಲ್ ಮೈ ಬಿಸಿನೆಸ್ ಅಂತ ಇದ್ದದ್ದನ್ನು 2021ರ ನವೆಂಬರ್‌ನಲ್ಲಿ ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಮಾಡಿದರು. ಅದು ಫ್ರೀ. ಇನ್ನೊಂದು ಸಲ ಹೇಳುತ್ತೇನೆ, ಫ್ರೀ. "ಗೂಗಲ್‌ನಿಂದ ಮಾತಾಡ್ತಿದೀವಿ, ನಿಮ್ಮ ಲಿಸ್ಟಿಂಗ್ ನಾಳೆ ಬಂದ್ ಆಗುತ್ತೆ, 4,999 ಕಟ್ಟಿ" ಅಂತ ಫೋನ್ ಬಂದರೆ, ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಅಂತ ಹೇಳಿ ಇಟ್ಟುಬಿಡಿ. ದುಡ್ಡು ಕೊಟ್ಟು ಲೋಕಲ್ ಹುಡುಕಾಟದಲ್ಲಿ ಮೇಲೆ ಬರುವ ದಾರಿ ಇಲ್ಲ ಅಂತ ಗೂಗಲ್‌ನವರೇ ಬರೆದಿದ್ದಾರೆ. ಜಾಹೀರಾತು ಬೇರೆ, ಇದು ಬೇರೆ. ಅವರು ನೋಡುವುದು ಮುಖ್ಯವಾಗಿ ಮೂರು. ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಹೊಂದಾಣಿಕೆ ಇದೆಯಾ, ನೀವು ಎಷ್ಟು ಹತ್ತಿರ ಇದ್ದೀರಿ, ನಿಮಗೆ ಎಷ್ಟು ಹೆಸರಿದೆ. ತಿಪಟೂರಿನಲ್ಲಿ ನಿಂತು ಹುಡುಕುವವನಿಗೆ ಕುಣಿಗಲ್ ಅಂಗಡಿಯನ್ನು ಮೊದಲು ತೋರಿಸುತ್ತೇನೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ, ಆ ಗ್ಯಾರಂಟಿಯನ್ನು ಛಾಪಾ ಕಾಗದದಲ್ಲಿ ಬರೆಸಿಕೊಳ್ಳಿ. ಬರೆಯುವುದಿಲ್ಲ.

ಅಂಗಡಿ ಇಲ್ಲ, ಮನೆ ಮನೆಗೆ ಹೋಗಿ ನಲ್ಲಿ ರಿಪೇರಿ ಮಾಡುತ್ತೇನೆ ಅನ್ನುವವರು ಮನೆ ಅಡ್ರೆಸ್ ಕಾಣದ ಹಾಗೆ ಇಡಬಹುದು. ಬದಲಿಗೆ ಯಾವ ಯಾವ ಏರಿಯಾಗೆ ಬರುತ್ತೀರಿ ಅಂತ 20ರವರೆಗೆ ಹಾಕಬಹುದು. ಇದನ್ನು ಯಾವ ಏಜೆಂಟೂ ಹೇಳಲ್ಲ.

ಏಜೆಂಟ್ ಬೇಕೇ ಬೇಕಾ? ಇಟ್ಟುಕೊಳ್ಳಿ. ನಾನು ಬೇಡ ಅನ್ನುವುದಿಲ್ಲ. ಗೂಗಲ್ ಪ್ರೊಫೈಲ್‌ನಲ್ಲಿ ಓನರ್ ಅಂತ ಇದೆ, ಮ್ಯಾನೇಜರ್ ಅಂತ ಇದೆ. ನಿಮ್ಮ ಜಿಮೇಲ್ ಓನರ್ ಆಗಿರಲಿ, ಏಜೆಂಟನ ಜಿಮೇಲ್ ಮ್ಯಾನೇಜರ್. ಅವನು ಫೋಟೋ ಹಾಕಬಹುದು, ಟೈಮಿಂಗ್ ಬದಲಿಸಬಹುದು, ರಿವ್ಯೂಗೆ ಉತ್ತರ ಕೊಡಬಹುದು. ಜಗಳ ಆಯಿತಾ? ತೆಗೆದುಹಾಕಿ. ಈಗಾಗಲೇ ಅವನೇ ಓನರ್ ಆಗಿ ಕೂತಿದ್ದರೆ, ಪ್ರೊಫೈಲ್‌ನಲ್ಲೇ ಓನರ್‌ಶಿಪ್ ಕೇಳುವ ದಾರಿ ಇದೆ. ಉತ್ತರ ಕೊಡಲು ಅವನಿಗೆ 3 ದಿನ. ಸುಮ್ಮನೆ ಕೂತರೆ, ಇದು ನನ್ನದೇ ಅಂಗಡಿ ಅಂತ ತೋರಿಸಿ ವಾಪಸ್ ಪಡೆಯಲು ಎಷ್ಟೋ ಸಲ ಅವಕಾಶ ಸಿಗುತ್ತದೆ. ಡೊಮೈನ್‌ಗೆ ಅಷ್ಟು ಸಲೀಸಾದ ದಾರಿ ಇಲ್ಲ. ಅದಕ್ಕೇ ಬಡಿದುಕೊಳ್ಳುತ್ತಿರುವುದು.

ಇನ್ನೊಬ್ಬರು ಬರುತ್ತಾರೆ, ಜಾಣರು. "ವೆಬ್‌ಸೈಟೇ ಬೇಡ ಸಾರ್, ಗೂಗಲ್ ಒಂದೇ ಸಾಕು." ಒಳ್ಳೇದು. ಇದೇ ಪ್ರೊಫೈಲ್ ಒಳಗೆ ಗೂಗಲ್ ಮೊದಲು ಫ್ರೀ ವೆಬ್‌ಸೈಟ್ ಕೊಡುತ್ತಿತ್ತು, ನೆನಪಿದೆಯಾ? ಎಷ್ಟೋ ಬೇಕರಿ, ಟೈಲರ್, ಗ್ಯಾರೇಜಿನವರು ಅದನ್ನೇ ವಿಸಿಟಿಂಗ್ ಕಾರ್ಡ್ ಮೇಲೆ ಪ್ರಿಂಟ್ ಹಾಕಿಸಿದ್ದರು. 2024ರ ಮಾರ್ಚ್‌ನಲ್ಲಿ ಆ ವೆಬ್‌ಸೈಟ್‌ಗಳನ್ನು ಮುಚ್ಚಿದರು. ಕಾರ್ಡ್ ಕಟ್ಟು ಕಟ್ಟು ರದ್ದಿಗೆ. ಸ್ವಂತ ಡೊಮೈನ್ ಇದ್ದವರು ಮಾತ್ರ ಅದನ್ನು ಬೇರೆ ಪೇಜ್‌ಗೆ ತಿರುಗಿಸಿ ಹಾಯಾಗಿ ಇದ್ದರು. ಯಾಕೆ? ಪಾಸ್‌ವರ್ಡ್ ಕೈಯಲ್ಲಿತ್ತು!

ಹಾಗಂತ 40 ಸಾವಿರದ ವೆಬ್‌ಸೈಟ್ ಬೇಕಿಲ್ಲ. ಒಂದು ಪೇಜ್ ಸಾಕು. ಏನು ಕೆಲಸ, ಯಾವ ಊರಿಗೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತು. ಒತ್ತಿದರೆ ಫೋನ್ ಹೋಗುವ ಬಟನ್, ಒಂದು ವಾಟ್ಸಾಪ್ ಬಟನ್. ಫೋಟೋ ನಿಮ್ಮದೇ ಇರಲಿ. ಸುಟ್ಟ ವೈಂಡಿಂಗ್ ಒಂದು, ಪಕ್ಕದಲ್ಲಿ ನೀವು ಸುತ್ತಿದ ಹೊಸ ವೈಂಡಿಂಗ್ ಒಂದು. ರೈತನಿಗೆ ಅದು ಸಾಕು. ಕನ್ನಡದಲ್ಲಿ ಬರೆಯಿರಿ ಮಾರಾಯ್ರೆ, ದುಡ್ಡೇನೂ ಜಾಸ್ತಿ ಆಗಲ್ಲ.

ರಿವ್ಯೂ ಕೊಳ್ಳಬೇಡಿ. ಒಂದೇ ದಿನ ರಾಶಿ ರಾಶಿ ರಿವ್ಯೂ, ಎಲ್ಲರದೂ "ವೆರಿ ನೈಸ್ ಸರ್ವಿಸ್". ಮೋಟಾರ್ ತಂದ ರೈತ ಹಾಗೆ ಬರೆಯುತ್ತಾನಾ? "ಎರಡು ದಿನಕ್ಕೆ ಕೊಟ್ರು, ಈಗ ಚೆನ್ನಾಗಿ ಓಡ್ತಿದೆ" ಅಂತ ಬರೆಯುತ್ತಾನೆ. ಸಾಕಲ್ಲ?

ಅಂದಹಾಗೆ, ಭಾನುವಾರದ ನಮ್ಮ ಆನ್‌ಲೈನ್ ಕ್ಲಾಸ್‌ನಲ್ಲಿ ಇದನ್ನೆಲ್ಲ ಕೂತು ಮಾಡಿಸುತ್ತೇನೆ. 299 ರೂಪಾಯಿ. ಹೌದು, ದುಡ್ಡು ತೆಗೆದುಕೊಳ್ಳುತ್ತೇನೆ. "ಇವರೂ ವ್ಯಾಪಾರ ಶುರು ಮಾಡಿದರು" ಅಂತ ಕಮೆಂಟ್ ಹಾಕುವವರಿಗೆ ಹೇಳುತ್ತಿದ್ದೇನೆ, ಹೌದು ಶುರು ಮಾಡಿದ್ದೇನೆ. ಆದರೆ ಕ್ಲಾಸ್ ಮುಗಿದ ಮೇಲೆ ನಿಮ್ಮ ಪಾಸ್‌ವರ್ಡ್ ನನ್ನ ಹತ್ತಿರ ಇರುವುದಿಲ್ಲ!

"ಗಿರಾಕಿ ಪಾಸ್‌ವರ್ಡ್ ಮರೆತುಬಿಡ್ತಾನೆ ಸಾರ್" ಅಂತ ಮತ್ತೊಬ್ಬರು. ಮರೆಯಲಿ! ಅವನದು, ಅವನು ಮರೆಯುತ್ತಾನೆ. ಉಧಾರಿ ಪುಸ್ತಕದ ಹಿಂದೆ ಬರೆದಿಡುತ್ತಾನೆ, ಹೆಂಡತಿಗೆ ಹೇಳುತ್ತಾನೆ, ಮಗಳ ಫೋನ್‌ನಲ್ಲಿ ಇಡುತ್ತಾನೆ. ನಿಮಗೇನು ಕಷ್ಟ? "ಕೆಲಸ ನಾವು ಮಾಡಿದ್ದು." ಮಾಡಿದ್ದೀರಿ, ದುಡ್ಡು ತೆಗೆದುಕೊಂಡಿದ್ದೀರಿ. "ಬೇರೆಯವರ ಹತ್ರ ಹೋಗಿಬಿಡ್ತಾರೆ." ಹೋಗಲಿ! ಕೆಲಸ ಚೆನ್ನಾಗಿದ್ದರೆ ಯಾಕೆ ಹೋಗುತ್ತಾರೆ? ನನಗೆ ಕಾರಣ ಕೇಳಬೇಡಿ ಇನ್ನು. ನಿಮ್ಮದು ನಿಮ್ಮ ಹತ್ತಿರ ಇರಬೇಕು, ಅಷ್ಟೇ. ಬಿಪಿ ಜಾಸ್ತಿ ಆಗುತ್ತಿದೆ. ನೋಡಿ, ಅಕ್ಕನ ಮಗ ನಗುತ್ತಿದ್ದಾನೆ.

ಈಗ ಒಂದು ಕೆಲಸ ಮಾಡಿ. ವಿಡಿಯೋ ನಿಲ್ಲಿಸಿ, ನಿಮ್ಮ ವೆಬ್‌ಸೈಟ್ ಮಾಡಿದವರಿಗೆ ವಾಟ್ಸಾಪ್ ತೆಗೆಯಿರಿ. ನಾನು ಹೇಳಿದ ಹಾಗೆ ಹಾಕಿ. "ನಮಸ್ಕಾರ. ನಮ್ಮ ಡೊಮೈನ್ ಯಾವ ಕಂಪನಿಯಲ್ಲಿದೆ, ಯಾರ ಹೆಸರಲ್ಲಿದೆ, ಯಾವಾಗ ಮುಗಿಯುತ್ತದೆ ತಿಳಿಸಿ. ಅದನ್ನು ನನ್ನ ಅಕೌಂಟ್‌ಗೆ ವರ್ಗಾಯಿಸಿ, ಇಲ್ಲವೇ ಆಥ್ ಕೋಡ್ ಕಳಿಸಿ. ಗೂಗಲ್ ಪ್ರೊಫೈಲ್‌ನಲ್ಲಿ ನನ್ನ ಜಿಮೇಲ್ ಅನ್ನು ಪ್ರೈಮರಿ ಓನರ್ ಮಾಡಿ." ಆಥ್ ಕೋಡ್ ಅಂದರೆ ಡೊಮೈನನ್ನು ಬೇರೆ ಕಂಪನಿಗೆ ಸಾಗಿಸಲು ಬೇಕಾದ ಗುಟ್ಟಿನ ಕೋಡ್. ಬೈಯಬೇಡಿ, ಕೊನೆಗೆ ಧನ್ಯವಾದ ಅಂತಲೂ ಹಾಕಿ. ಉತ್ತರ ಏನು ಬಂತು ಅಂತ ಕೆಳಗೆ ಕಮೆಂಟ್ ಮಾಡಿ, ಅವರ ಹೆಸರು, ನಂಬರ್ ಹಾಕಬೇಡಿ. "ಬ್ಯುಸಿ ಇದೀನಿ ಸಾರ್, ಸೋಮವಾರ ಮಾತಾಡೋಣ" ಅಂತ ಬಂದರೆ, ಯಾವ ಸೋಮವಾರ ಅಂತ ಕೇಳಿ.